ಮನೆಶಾಲೆಯ ಕೊನೆಯ ವರ್ಷ

ಜೂನ್ ತಿಂಗಳು ಬಂತೆಂದರೆ ನನಗೆ ಒಂಥರಾ ಕಸಿವಿಸಿ. ಬೆಳಿಗ್ಗೆ ಏಳೂವರೆಗೆಲ್ಲ ನಮ್ಮ ಬಾಲಾನಗರದ ಫ್ಲೈಓವರ್ ಕೆಳಗೆ ಹಳದಿ ಬಸ್ಸುಗಳು ಸಾಲುಗಟ್ಟುತ್ತವೆ. ಹೊಸ ಬ್ಯಾಗು, ಹೊಸ ಶೂಸು, ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆಗಳು. ಹಾಲು ತರಲು ಹೋದ ನನ್ನನ್ನು ಯಾರಾದರೊಬ್ಬರು ನಿಲ್ಲಿಸಿ ಕೇಳಿಯೇ ಕೇಳುತ್ತಾರೆ, "ಮೀ ಪಾಪ ಏ ಕಾಲೇಜಂಡೀ?" ಇಲ್ಲಿ ಪಿಯುಸಿಗೆ ಇಂಟರ್ ಅಂತಾರೆ, ಹನ್ನೊಂದನೇ ಕ್ಲಾಸಿಗೇ ಮಕ್ಕಳು ಕಾಲೇಜಿನವರಾಗಿಬಿಡುತ್ತಾರೆ. "ಮನೆಯಲ್ಲೇ ಓದ್ತಾಳೆ" ಅಂದರೆ ಎದುರಿನವರ ಮುಖದಲ್ಲಿ ಮೊದಲು ಅನುಮಾನ, ಆಮೇಲೆ ಮರುಕ. ಪಾಪ, ಫೀಸು ಕಟ್ಟಲಾಗದವರೇನೋ ಅನ್ನುವ ಮರುಕ! ಮೊದಮೊದಲು ನಿಂತು ವಿವರಣೆ ಕೊಡುತ್ತಿದ್ದೆ. ಈಗ "ಓಪನ್ ಸ್ಕೂಲ್" ಅಂದು ಹಾಲಿನ ಪ್ಯಾಕೆಟ್ ಹಿಡಿದು ಬಂದುಬಿಡುತ್ತೇನೆ.

ಈ ಸಲದ ಕಸಿವಿಸಿ ಮಾತ್ರ ಬೇರೆ ಥರದ್ದು. ಇದು ಕೊನೆಯ ವರ್ಷ. ಮುಂದಿನ ಏಪ್ರಿಲ್‌ನಲ್ಲಿ ಮಗಳು ಹನ್ನೆರಡನೇ ತರಗತಿಯ ಪರೀಕ್ಷೆ ಬರೆದರೆ ನಮ್ಮ ಮನೆಶಾಲೆಗೆ ಬೀಗ. ಆ ಒಂದು ವರ್ಷಕ್ಕೆ ಪ್ಲಾನ್ ಹಾಕಲು ಕೂತು ನಾನು ಏನೇನು ಪಾಡು ಪಟ್ಟೆ ಅನ್ನುವುದೇ ಇವತ್ತಿನ ಕಥೆ.

ಮೊದಲೇ ಹೇಳಿಬಿಡುತ್ತೇನೆ, ನಾವೇನೂ ಶಿಕ್ಷಣದಲ್ಲಿ ಕ್ರಾಂತಿ ಮಾಡಲು ಹೊರಟವರಲ್ಲ. ಮಕ್ಕಳ ಕಲಿಕೆ ಅಂದ ಕೂಡಲೇ ಪುತ್ತೂರಿನ ಬಾಲವನ, ಅಲ್ಲಿ ಕಾರಂತರು ಮಾಡಿದ ಪ್ರಯೋಗಗಳು ನೆನಪಾಗುತ್ತವೆ ನಿಜ. ಆದರೆ ಅಂಥ ಧೈರ್ಯ ನಮಗೆಲ್ಲಿ ಬರಬೇಕು? ನಾನು ಭಾಲ್ಕಿ ಕಡೆಯವಳು. 2004ರಲ್ಲಿ ಮದುವೆಯಾಗಿ ಬಾಲಾನಗರಕ್ಕೆ ಬಂದೆ. ಇವರು ಇಲ್ಲಿನ ಒಂದು ಮಷಿನ್ ಶಾಪಿನಲ್ಲಿ ಲೇತ್ ಕೆಲಸಕ್ಕೆ ಸೇರಿದವರು, ಈಗ ಇಬ್ಬರು ಹುಡುಗರನ್ನಿಟ್ಟುಕೊಂಡು ಸ್ವಂತವಾಗಿ ಜಾಬ್‌ವರ್ಕ್ ಮಾಡುತ್ತಾರೆ. ನಾನು ಬೀದರ್‌ನಲ್ಲಿ ಬಿಎಸ್ಸಿ ಓದಿ, ಇಲ್ಲಿಗೆ ಬಂದ ಮೇಲೆ ಒಂದು ಖಾಸಗಿ ಶಾಲೆಯಲ್ಲಿ ಎಂಟು ವರ್ಷ ಗಣಿತ ಹೇಳಿಕೊಟ್ಟೆ. ಅಂದರೆ ಗಂಟೆ ಹೊಡೆದರೆ ಏಳುವ, ಗಂಟೆ ಹೊಡೆದರೆ ಕೂರುವ ಜಾತಿ ನನ್ನದು. ಟೈಮ್‌ಟೇಬಲ್ ಇಲ್ಲದಿದ್ದರೆ ನನಗೆ ಅನ್ನ ಇಳಿಯುವುದಿಲ್ಲ.

2020ರ ಮಾರ್ಚ್‌ನಲ್ಲಿ ಎಲ್ಲ ಮುಚ್ಚಿದಾಗ ಮಗಳು ಐದನೇ ಕ್ಲಾಸು. ನನ್ನ ಕೆಲಸವೂ ಹೋಯಿತು. ಮನೆಯಲ್ಲಿ ಇದ್ದದ್ದು ಒಂದೇ ಸ್ಮಾರ್ಟ್‌ಫೋನು, ಅದರಲ್ಲಿ ಆನ್‌ಲೈನ್ ಕ್ಲಾಸು ಬಂದರೆ ಇವರಿಗೆ ಪಾರ್ಟಿಗಳ ಫೋನ್ ಬರುವುದಿಲ್ಲ, ಪಾರ್ಟಿಗಳ ಫೋನ್ ಬಂದರೆ ಕ್ಲಾಸು ಕಟ್. ಕೊನೆಗೆ ಫೋನನ್ನು ಅವರಿಗೇ ಬಿಟ್ಟು ಅಡುಗೆಮನೆ ಕಟ್ಟೆಯ ಮೇಲೆ ಪುಸ್ತಕ ಹರಡಿಕೊಂಡು ನಾವಿಬ್ಬರೇ ಕೂತೆವು. ಅದೇ ವರ್ಷ ಅಕ್ಟೋಬರ್ 13ರ ರಾತ್ರಿ ಹೈದರಾಬಾದಿನಲ್ಲಿ ಸುರಿದ ಮಳೆ ಇಲ್ಲಿರುವ ಯಾರಿಗೂ ಮರೆಯುವಂಥದ್ದಲ್ಲ. ಮಾರನೇ ದಿನ ಕೂಕಟ್‌ಪಲ್ಲಿ ನಾಲೆ ಉಕ್ಕಿದ್ದನ್ನು ನೋಡಿ ಬಂದ ಮಗಳು ಕೇಳಿದಳು, "ಅಮ್ಮ, ಈ ನೀರೆಲ್ಲ ಎಲ್ಲಿಗೆ ಹೋಗುತ್ತೆ?" ಹುಸೇನ್ ಸಾಗರಕ್ಕೆ ಅಂದೆ. "ಎಲ್ಲಿಂದ ಬರುತ್ತೆ?" ನನಗೆ ಗೊತ್ತಿರಲಿಲ್ಲ. ಹದಿನಾರು ವರ್ಷ ಆ ನಾಲೆಯ ವಾಸನೆ ಕುಡಿದವಳಿಗೆ ಅದು ಎಲ್ಲಿ ಹುಟ್ಟುತ್ತದೆ ಅಂತ ಗೊತ್ತಿರಲಿಲ್ಲ! ಇಬ್ಬರೂ ಸೇರಿ ಹುಡುಕಿದೆವು. ಆ ಹುಡುಕಾಟ ಒಂದು ವಾರ ನಡೆಯಿತು. ಶಾಲೆಯಲ್ಲಿ ಪಾಠ ಮಾಡುವಾಗ ಒಂದೇ ಒಂದು ಪ್ರಶ್ನೆಗೆ ಒಂದು ವಾರ ಕೊಟ್ಟ ನೆನಪು ನನಗಿಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಶಾಲೆಗಳು ಮತ್ತೆ ತೆರೆದಾಗ ಅವಳು ಏಳನೇ ಕ್ಲಾಸಿಗೆ ಹೋಗಬೇಕಿತ್ತು. "ಇನ್ನೊಂದು ವರ್ಷ ಹೀಗೇ ಇರೋಣಮ್ಮ" ಅಂದಳು. ಒಂದೇ ವರ್ಷ ಅಂತ ಒಪ್ಪಿಕೊಂಡದ್ದು ಹೀಗೆ ಬೆಳೆಯಿತು ನೋಡಿ.

ಊರಲ್ಲಿ ಅತ್ತೆಗೆ ಇದು ಗೊತ್ತಾದ ದಿನ ಫೋನಿನಲ್ಲಿ ಅರ್ಧ ತಾಸು. "ಪೋರಿ ಸಾಲಿಗಿ ಹೋಗದೇ ಮನ್ಯಾಗೇ ಕುಂತರ ನಾಳಿ ಹೆಂಗವ್ವ? ಸರ್ಟಿಫಿಕೇಟ್ ಯಾರ್ ಕೊಡ್ತಾರ? ನೀನೇ ಬರ್ದು ಕೊಡ್ತೀಯೇನು?" ಅತ್ತೆ ನಾಲ್ಕನೇ ಇಯತ್ತೆವರೆಗೆ ಓದಿದವರು. ಆದರೆ ಇಡೀ ವಿಷಯದ ನಡುಮಧ್ಯಕ್ಕೆ ಬಾಣ ಬಿಟ್ಟಿದ್ದರು. ಕಲಿಸುವುದು ಕಷ್ಟವಲ್ಲ, ಕಲಿತದ್ದಕ್ಕೆ ಮುದ್ರೆ ಹಾಕಿಸುವುದು ಕಷ್ಟ.

ಕಾನೂನಿನ ಅಳುಕೂ ಇತ್ತು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಶಾಲೆಯ ಹಕ್ಕು ಕೊಡುತ್ತದೆ. ಮನೆಯಲ್ಲೇ ಕಲಿಸುವವರ ಬಗ್ಗೆ ಅದು ಹೌದು ಅಂತಲೂ ಅನ್ನುವುದಿಲ್ಲ, ಬೇಡ ಅಂತಲೂ ಅನ್ನುವುದಿಲ್ಲ. ಹದಿನಾಲ್ಕು ತುಂಬಿದ ಮೇಲೆ ಮಾತ್ರ ಒಂದು ಸರಿಯಾದ ಬಾಗಿಲು ಇದೆ, ಎನ್‌ಐಒಎಸ್. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ. 1979ರಲ್ಲಿ ಸಿಬಿಎಸ್‌ಇಯ ಒಂದು ಸಣ್ಣ ಯೋಜನೆಯಾಗಿ ಶುರುವಾಗಿ, 1989ರಲ್ಲಿ ಸ್ವತಂತ್ರ ಸಂಸ್ಥೆಯಾದದ್ದು. ಶಾಲೆ ಬಿಟ್ಟವರು, ಕೆಲಸ ಮಾಡುತ್ತಾ ಓದುವವರು, ಆಟಗಾರರು, ಕಾಯಿಲೆಯ ಮಕ್ಕಳು, ನಮ್ಮಂಥವರು.. ಎಲ್ಲರೂ ಅದೇ ಬಾಗಿಲಿನ ಮುಂದೆ ನಿಲ್ಲುತ್ತಾರೆ. ಇದು ನನಗೆ ಬಹಳ ಇಷ್ಟವಾದ ಸಂಗತಿ. ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಐದು ವಿಷಯ ಪಾಸಾದರೆ ಸಾಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ಎಲ್ಲವನ್ನೂ ಒಟ್ಟಿಗೇ ಬರೆಯಬೇಕೆಂದಿಲ್ಲ, ಐದು ವರ್ಷದಲ್ಲಿ ಒಂಬತ್ತು ಅವಕಾಶ ಕೊಡುತ್ತಾರೆ. ಪಾಸಾಗಲು 33.

ಇದರಿಂದ ಕನ್ನಡಕ್ಕೂ ಒಂದು ಲಾಭವಾಯಿತು. ತೆಲಂಗಾಣದಲ್ಲಿ 2018ರಲ್ಲಿ ಕಾಯ್ದೆ ಬಂದು ಎಲ್ಲ ಶಾಲೆಗಳಲ್ಲೂ ಒಂದರಿಂದ ಹತ್ತನೇ ತರಗತಿವರೆಗೆ ತೆಲುಗು ಕಡ್ಡಾಯ. ಅದರ ಬಗ್ಗೆ ನನಗೆ ತಕರಾರಿಲ್ಲ, ಈ ಊರಿನ ಅನ್ನ ತಿನ್ನುವವರು ಈ ಊರಿನ ಭಾಷೆ ಕಲಿಯಬೇಕಾದ್ದೇ. ಮಗಳು ತೆಲುಗನ್ನು ಬೀದಿಯಲ್ಲೇ ನನಗಿಂತ ಚೆನ್ನಾಗಿ ಕಲಿತಳು. ಆದರೆ ಮುಕ್ತ ಶಾಲೆಯ ಹತ್ತನೇ ತರಗತಿಗೆ ಕನ್ನಡವನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು ಅಂತ ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಹೈದರಾಬಾದಿನಲ್ಲಿ ಹುಟ್ಟಿದ ಹುಡುಗಿ ಕನ್ನಡದಲ್ಲಿ ಪರೀಕ್ಷೆ ಬರೆದಳು. 2025ರ ಏಪ್ರಿಲ್‌ನ ಪರೀಕ್ಷೆಯಲ್ಲಿ ಹತ್ತನೇ ತರಗತಿ ಪಾಸು. ಅಂಕಪಟ್ಟಿಯ ಫೋಟೋ ಅತ್ತೆಗೆ ಕಳಿಸಿದೆ. "ಮುದ್ರಿ ಅದನೋ ಇಲ್ಲೋ ನೋಡ್ರಿ" ಅಂತ ಪಕ್ಕದ ಮನೆಯ ಮಾಸ್ತರರ ಕೈಗೆ ಕೊಟ್ಟು ಪರೀಕ್ಷೆ ಮಾಡಿಸಿದರಂತೆ!

ಹತ್ತು ಮುಗಿದು ಎರಡು ವರ್ಷವಾಗದೆ ಹನ್ನೆರಡರ ಐದೂ ವಿಷಯ ಮುಗಿಸುವ ಹಾಗಿಲ್ಲ ಎಂಬುದು ಎನ್‌ಐಒಎಸ್ ನಿಯಮ. ಅದರಲ್ಲಿ ಒಂದು ವರ್ಷ ಹೋಗಿದೆ, ಇನ್ನೊಂದು ಎದುರಿಗಿದೆ.

ಸರಿ, ಪ್ಲಾನಿಗೆ ಬರೋಣ.

ಒಂದು ಭಾನುವಾರ ಮಧ್ಯಾಹ್ನ, ಇವರ ಶಾಪಿಗೆ ಬೇರಿಂಗ್ ಅಂಗಡಿಯವರು ಕೊಟ್ಟ ದೊಡ್ಡ ಕ್ಯಾಲೆಂಡರಿನ ಹಳೇ ಹಾಳೆಯನ್ನು ತಿರುಗಿಸಿ, ಸ್ಕೇಲು, ಮೂರು ಬಣ್ಣದ ಪೆನ್ನು ಹಿಡಿದು ಕೂತೆ. ಹನ್ನೊಂದು ತಿಂಗಳು, ಒಂದೊಂದಕ್ಕೆ ನಾಲ್ಕು ವಾರ. ಇಂಗ್ಲಿಷ್, ಗಣಿತ, ಭೌತಶಾಸ್ತ್ರ, ಭೂಗೋಳ, ಕಂಪ್ಯೂಟರ್ ಸೈನ್ಸ್, ಇವು ಅವಳು ಆರಿಸಿಕೊಂಡ ಐದು. ಸಾಮಾನ್ಯ ಇಂಟರ್ ಕಾಲೇಜಿನಲ್ಲಿ ಗಣಿತ, ಭೌತಶಾಸ್ತ್ರದ ಪಕ್ಕದಲ್ಲಿ ಭೂಗೋಳ ಕೂರಿಸಲು ಬಿಡುವುದಿಲ್ಲ, ಇಲ್ಲಿ ಬಿಡುತ್ತಾರೆ. ಐದಕ್ಕೂ ಚೌಕ ಹಾಕಿ ಮುಗಿಸಿದೆ. ನೋಡಿದರೆ ಇನ್ನೂ ಜಾಗ ಇತ್ತು. ಅಷ್ಟು ವರ್ಷದಲ್ಲಿ ನಾನು ಹೇಳಿಕೊಡದೇ ಬಿಟ್ಟದ್ದೆಲ್ಲ ಆಗ ನೆನಪಾಗತೊಡಗಿತು. ಹಿಂದಿ ವ್ಯಾಕರಣ. ಟೈಪಿಂಗ್. ವಚನಗಳು. ಇತಿಹಾಸ ಅರ್ಧಕ್ಕೇ ನಿಂತಿತ್ತಲ್ಲ. ಹೊಲಿಗೆ. ಜೋಳದ ರೊಟ್ಟಿ ಬಡಿಯುವುದು. ಅದಕ್ಕೂ ಹಸಿರು ಬಣ್ಣದಲ್ಲಿ ಒಂದು ಚೌಕ! ಸಂಜೆಯಾಗುವಷ್ಟರಲ್ಲಿ ಹಾಳೆಯಲ್ಲಿ ಬೆರಳಿಡುವಷ್ಟೂ ಖಾಲಿ ಜಾಗ ಉಳಿಯಲಿಲ್ಲ.

ಕೊನೆಯಲ್ಲಿ ಕೆಂಪು ಪೆನ್ನಿನಿಂದ ಇನ್ನೊಂದು ಸೇರಿಸಿದೆ. ರಸಾಯನಶಾಸ್ತ್ರ.

ಅಲ್ಲೇ ಜಗಳ ಹತ್ತಿಕೊಂಡಿತು.

ನನ್ನ ವಾದ ಕೇಳಿ. ಐಐಟಿಗೆ ಹೋಗಬೇಕೆಂದರೆ ಹನ್ನೆರಡರಲ್ಲಿ ಗಣಿತ, ಭೌತಶಾಸ್ತ್ರದ ಜೊತೆ ರಸಾಯನಶಾಸ್ತ್ರ ಇರಲೇಬೇಕು. ಇಲ್ಲಿನ ಈಎಪಿಸೆಟ್‌ನ ಎಂಜಿನಿಯರಿಂಗ್ ಪತ್ರಿಕೆಯಲ್ಲಿ 160 ಪ್ರಶ್ನೆ, ಅದರಲ್ಲಿ 40 ರಸಾಯನಶಾಸ್ತ್ರದ್ದು. ಎನ್‌ಐಒಎಸ್‌ನಲ್ಲಿ ಐದರ ಮೇಲೆ ಇನ್ನೂ ಎರಡು ಹೆಚ್ಚುವರಿ ವಿಷಯ ತೆಗೆದುಕೊಳ್ಳಲು ಅವಕಾಶ ಇದೆ. ಹಾಗಿರುವಾಗ ಒಂದು ಬಾಗಿಲು ಯಾಕೆ ಮುಚ್ಚಬೇಕು? ಇರಲಿ ಬಿಡು, ಮುಂದೆ ಬೇಕಾದೀತು. ಈ ವಾದ ಗಟ್ಟಿ ಮಾಡಲು ನಾನು ಮುಂಬೈನ ಮಾಳವಿಕಾ ರಾಜ್ ಜೋಶಿಯ ಕಥೆಯನ್ನೂ ತೆಗೆದೆ. ಶಾಲೆ ಬಿಟ್ಟು ಮನೆಯಲ್ಲಿ ಕಲಿತ ಹುಡುಗಿ. ಅಂತರರಾಷ್ಟ್ರೀಯ ಇನ್‌ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ನಲ್ಲಿ ಮೂರು ಪದಕ ಗೆದ್ದವಳು, 2016ರಲ್ಲಿ ಅಮೆರಿಕದ ಎಂಐಟಿಗೆ ಸೇರಿದಳು. ಆದರೆ ಹನ್ನೆರಡನೇ ತರಗತಿಯ ಸರ್ಟಿಫಿಕೇಟ್ ಇರಲಿಲ್ಲ ಅನ್ನುವ ಕಾರಣಕ್ಕೆ ನಮ್ಮ ಐಐಟಿಗಳಲ್ಲಿ ಅವಳಿಗೆ ಜಾಗ ಇರಲಿಲ್ಲ. "ನೋಡಿದೆಯಾ? ಅಷ್ಟು ಜಾಣೆಗೇ ಒಂದು ಕಾಗದ ಅಡ್ಡ ಬಂತು. ನಾವೆಲ್ಲ ಯಾವ ಲೆಕ್ಕ?" ಅಂದೆ.

ಮಗಳು ಹಾಳೆಯನ್ನು ನೋಡುತ್ತಲೇ ಇದ್ದಳು. ಆಮೇಲೆ ಮೆಲ್ಲಗೆ ಹೇಳಿದಳು, "ಅಮ್ಮ, ಇದರಲ್ಲಿ ನಾನೆಲ್ಲಿದೀನಿ?"

ನನಗೆ ಸಿಟ್ಟು ಬಂತು. ಇಡೀ ಹಾಳೆ ನೀನೇ ಅಲ್ಲವೇನೇ ಅಂದೆ. ಅವಳು ಎದ್ದು ಒಳಗೆ ಹೋದಳು. ಆ ರಾತ್ರಿ ನಮ್ಮ ಮನೆಯಲ್ಲಿ ಊಟ ಮೌನವಾಗಿ ಆಯಿತು.

ಇಲ್ಲಿ ಒಂದು ಹಳೇ ಘಟನೆ ಹೇಳಬೇಕು, ಇಲ್ಲದಿದ್ದರೆ ನನ್ನ ಭಯ ನಿಮಗೆ ಅರ್ಥವಾಗಲಿಕ್ಕಿಲ್ಲ. ಹತ್ತನೇ ತರಗತಿಯ ವಿಜ್ಞಾನಕ್ಕೆ ಪ್ರಾಕ್ಟಿಕಲ್ ಪರೀಕ್ಷೆ ಇರುತ್ತದೆ. ಎನ್‌ಐಒಎಸ್‌ನವರು ಯಾವುದೋ ಒಂದು ಶಾಲೆಯನ್ನು ಕೇಂದ್ರವಾಗಿ ಕೊಡುತ್ತಾರೆ, ಅಲ್ಲಿಗೆ ಹೋಗಿ ಮಾಡಬೇಕು. ಸಿದ್ಧಾಂತವನ್ನೆಲ್ಲ ಅವಳಿಗೆ ಅರೆದು ಕುಡಿಸಿದ್ದ ನಾನು ಪ್ರಯೋಗಾಲಯದ ವಿಷಯವನ್ನು "ನೋಡೋಣ ಬಿಡು" ಅಂತ ಮುಂದೂಡುತ್ತಲೇ ಬಂದಿದ್ದೆ. ಆ ದಿನ ಅವಳು ಜೀವನದಲ್ಲಿ ಮೊದಲ ಸಲ ಬರ್ನರ್ ಮುಂದೆ ನಿಂತಳು. ಕೈ ನಡುಗಿ ಪರೀಕ್ಷಾ ನಳಿಕೆ ಒಡೆಯಿತು. ಪಕ್ಕದಲ್ಲಿದ್ದ ಮಕ್ಕಳು ನಕ್ಕರಂತೆ. ಪಾಸೇನೋ ಆದಳು. ಆದರೆ ಬರುವಾಗ ಆಟೋದಲ್ಲಿ ಅತ್ತಳು. "ಎಲ್ಲರಿಗೂ ಬರೋದು ನನಗೆ ಬರಲಿಲ್ಲ" ಅಂದಳು. ತಪ್ಪು ಕೇಂದ್ರದವರದ್ದಲ್ಲ, ನಕ್ಕ ಮಕ್ಕಳದ್ದೂ ಅಲ್ಲ. ಪೂರ್ತಿ ನನ್ನದೇ. ಅವತ್ತಿನಿಂದ ನನ್ನೊಳಗೆ ಒಂದು ಪಟ್ಟಿ ಶುರುವಾಗಿದೆ. ಶಾಲೆಯ ಮಕ್ಕಳಿಗೆ ಏನೇನು ಬರುತ್ತದೋ, ಇವಳಿಗೆ ಏನೇನು ಬರುವುದಿಲ್ಲವೋ ಅದರ ಪಟ್ಟಿ. ಆ ಹಾಳೆಯಲ್ಲಿ ನಾನು ಬರೆದದ್ದು ಅವಳ ಪ್ಲಾನ್ ಅಲ್ಲ, ಈ ಪಟ್ಟಿ. ಇದು ನನಗೆ ಹೊಳೆದದ್ದು ಮಾತ್ರ ಆಮೇಲೆ.

ಹೊಳೆಯುವಂತೆ ಮಾಡಿದವರು ಇವರು. ಮಾರನೇ ದಿನ ಊಟದ ಡಬ್ಬಿ ಕೊಡಲು ಶಾಪಿಗೆ ಹೋಗಿದ್ದೆ. ಹಾಳೆಯನ್ನೂ ಒಯ್ದಿದ್ದೆ, ಇವರಾದರೂ ನನ್ನ ಪರ ನಿಲ್ಲಲಿ ಅಂತ. ಕೈಯ ಗ್ರೀಸ್ ಒರೆಸಿಕೊಂಡು ನೋಡಿದರು. ಲೇತಿನ ಪಕ್ಕ ಒಂದು ಕಬ್ಬಿಣದ ಸರಳು ಇತ್ತು, ಡ್ರಾಯಿಂಗಿನಲ್ಲಿ 25 ಮಿಲಿಮೀಟರ್ ಇದ್ದರೆ ಸರಳು ಅದಕ್ಕಿಂತ ದಪ್ಪ. "ಇದು 25 ಆಗಬೇಕು. 25ರದ್ದೇ ಸರಳು ತಂದಿದ್ರೆ ಏನಾಗ್ತಿತ್ತು ಹೇಳು" ಅಂದರು. ನನಗೇನು ಗೊತ್ತು? "ಟೂಲ್ ಒಂದು ಸಲ ಮುಟ್ಟಿದ್ರೆ ಜಾಬ್ ಖರಾಬು. ಮೊದಲೇ ಅಲವೆನ್ಸ್ ಬಿಡಬೇಕು. ಬಿಟ್ಟದ್ದನ್ನ ಕೊಯ್ದು ಕೊಯ್ದು ಫಿನಿಶಿಂಗ್ ತಗೋಬೇಕು. ನೀನು ಇದರಾಗ ಒಂದು ಕೂದಲೂ ಬಿಟ್ಟಿಲ್ಲ ನೋಡು." ಅಷ್ಟು ಹೇಳಿ ಮಷಿನ್ ಆನ್ ಮಾಡಿದರು. ನಮ್ಮ ಮನೆಯವರು ದಿನಕ್ಕೆ ಹತ್ತು ಮಾತಾಡುವವರು. ಅವತ್ತಿನ ಹತ್ತೂ ಅಲ್ಲೇ ಖರ್ಚಾದವು.

ಅದೇ ಶಾಪಿನ ಮೂಲೆಯಲ್ಲಿ ಮಗಳ ಪ್ರಯೋಗಾಲಯ ಇದೆ ಅನ್ನುವುದನ್ನು ಹೇಳಲು ಮರೆತೆ. ಪರೀಕ್ಷಾ ನಳಿಕೆ ಒಡೆದ ಮೇಲೆ ನಾವು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಭೌತಶಾಸ್ತ್ರದ ಮೊದಲ ಪ್ರಯೋಗಗಳಲ್ಲಿ ವರ್ನಿಯರ್ ಕ್ಯಾಲಿಪರ್, ಸ್ಕ್ರೂ ಗೇಜ್ ಬರುತ್ತವಲ್ಲ, ಅವು ಬಾಲಾನಗರದ ಪ್ರತಿ ಶಾಪಿನ ಮೇಜಿನ ಮೇಲೂ ಬಿದ್ದಿರುತ್ತವೆ. ಸ್ಕ್ರೂ ಗೇಜಿಗೆ ಇಲ್ಲಿ ಮೈಕ್ರೋಮೀಟರ್ ಅನ್ನುತ್ತಾರೆ ಅಷ್ಟೇ. ಶಾಲೆಯ ವರ್ನಿಯರ್ ಸಾಮಾನ್ಯವಾಗಿ 0.1 ಮಿಲಿಮೀಟರ್‌ವರೆಗೆ ಅಳೆದರೆ ಶಾಪಿನದ್ದು 0.02. ನಾನು ಬಿಎಸ್ಸಿಯಲ್ಲಿ ಸೂತ್ರ ಬಾಯಿಪಾಠ ಮಾಡಿ ಬರೆದಿದ್ದ ಅಳತೆಯ ದೋಷ ಅಂದರೆ ಏನು ಅನ್ನುವುದು ಅವಳಿಗೆ ಇಲ್ಲಿ ಕೈಯಿಂದಲೇ ಗೊತ್ತಾಯಿತು. ಅಳತೆ ತಪ್ಪಿದರೆ ಇಲ್ಲಿ ಮಾರ್ಕ್ಸು ಹೋಗುವುದಿಲ್ಲ, ಮಾಲು ವಾಪಸ್ ಬರುತ್ತದೆ.

ಮನೆಗೆ ಬಂದು ಅವಳಿಗೆ ಹೇಳಿದೆ, "ನೀನೇ ಹಾಕು ಪ್ಲಾನು. ನಾನು ಬಾಯಿ ಹಾಕಲ್ಲ." (ಬಾಯಿ ಹಾಕದೇ ಇರಲು ಪಟ್ಟ ಕಷ್ಟ ನನಗೇ ಗೊತ್ತು.)

ಮೂರು ದಿನ ತೆಗೆದುಕೊಂಡಳು. ತಂದದ್ದು ಚೌಕಗಳ ಹಾಳೆ ಅಲ್ಲ, ಒಂದು ನೋಟ್‌ಬುಕ್ಕಿನ ಎರಡು ಪುಟ. ಮೊದಲ ಪುಟದಲ್ಲಿ ಹಿಂದಿನಿಂದ ಮುಂದಕ್ಕೆ ಬರೆದಿದ್ದಳು. ಏಪ್ರಿಲ್‌ನಲ್ಲಿ ಪರೀಕ್ಷೆ. ಅದಕ್ಕೆ ಮೊದಲು ಪ್ರಾಕ್ಟಿಕಲ್. ಅದಕ್ಕೂ ಮೊದಲು ಪರೀಕ್ಷೆಯ ಶುಲ್ಕ ಕಟ್ಟುವ ಅವಧಿ, ಅದು ಪ್ರವೇಶದ ಶುಲ್ಕದಿಂದ ಬೇರೆ, ತಪ್ಪಿದರೆ ಅಕ್ಟೋಬರ್‌ವರೆಗೆ ಕಾಯಬೇಕು. ಶೇಕಡಾ 20ರಷ್ಟು ತೂಕ ಇರುವ ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟುಗಳು. ಭೌತಶಾಸ್ತ್ರ, ಭೂಗೋಳ, ಕಂಪ್ಯೂಟರ್ ಮೂರಕ್ಕೂ ಪ್ರಾಕ್ಟಿಕಲ್ ಇರುವುದರಿಂದ ದಸರಾಕ್ಕೆ ಮೊದಲೇ ಅಧ್ಯಯನ ಕೇಂದ್ರಕ್ಕೆ ಹೋಗಿ ಲ್ಯಾಬ್ ನೋಡಿ ಬರುವುದು, "ಒಬ್ಬಳೇ" ಅಂತ ಅಡಿಗೆರೆ. ಮುಗಿದ ಮೇಲೆ ಬೇಕಾಗುವ ಕಾಗದಗಳು. ಎನ್‌ಐಒಎಸ್‌ನಿಂದ ಮೈಗ್ರೇಶನ್-ಕಂ-ಟ್ರಾನ್ಸ್‌ಫರ್ ಸರ್ಟಿಫಿಕೇಟ್. ಶಾಲೆಯ ಬೋನಫೈಡ್ ಇಲ್ಲದವರು ಇಲ್ಲಿಯವರೇ ಅಂತ ತೋರಿಸಲು ವಾಸದ ಪ್ರಮಾಣಪತ್ರ, ಅದಕ್ಕೆ ಮೀಸೇವಾ. ಇದನ್ನೆಲ್ಲ ಅವಳು ಯಾವಾಗ ಓದಿಕೊಂಡಳು? ಇಷ್ಟು ವರ್ಷ ಅರ್ಜಿ ತುಂಬಿದ್ದು ನಾನು, ಅವಳು ಸಹಿ ಮಾತ್ರ ಹಾಕುತ್ತಿದ್ದಳು ಅಂದುಕೊಂಡಿದ್ದೆ.

ಎರಡನೇ ಪುಟದ ತಲೆಬರಹ "ಆಮೇಲೆ". ಅಲ್ಲಿ ಎರಡು ದಾರಿ ಬರೆದಿದ್ದಳು. ಒಂದು ಸಿಯುಇಟಿ, 2022ರಿಂದ ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ ನಡೆಯುತ್ತಿರುವ ಪ್ರವೇಶ ಪರೀಕ್ಷೆ. ಅದರ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ, ವಿಷಯಗಳ ಪಟ್ಟಿಯಲ್ಲಿ ಭೂಗೋಳ ಇದೆ. ಎರಡನೆಯದು ದೋಸ್ತ್. ಹೆಸರು ಕೇಳಿ ನಗಬೇಡಿ, ತೆಲಂಗಾಣದ ಡಿಗ್ರಿ ಕಾಲೇಜುಗಳಿಗೆ 2016ರಿಂದ ಇರುವ ಆನ್‌ಲೈನ್ ಪ್ರವೇಶ ವ್ಯವಸ್ಥೆಯ ಹೆಸರೇ ಅದು. ಎರಡರ ಕೊನೆಯಲ್ಲೂ ಒಂದೇ ಪದ: ನಕ್ಷೆ.

ನಕ್ಷೆಯ ಹುಚ್ಚು ಎಲ್ಲಿಂದ ಬಂತು ಅಂತ ಈಗ ನಿಮಗೂ ಗೊತ್ತಾಗಿರಬಹುದು. ಆ ನಾಲೆಯಿಂದ. ಜೊತೆಗೆ ಇನ್ನೊಂದು ಕಾರಣ, ನಾವು ದಿನಾ ಹಾದುಹೋಗುವ ರಸ್ತೆಯಲ್ಲೇ ಇರುವ ಎನ್‌ಆರ್‌ಎಸ್‌ಸಿ. ಇಸ್ರೋದ ರಾಷ್ಟ್ರೀಯ ದೂರಸಂವೇದಿ ಕೇಂದ್ರ. ಬಾಲಾನಗರ ಅಂದರೆ ಹೊರಗಿನವರಿಗೆ ಲೇತು, ಹೊಗೆ, ಲಾರಿ ಮತ್ತು ನಿಂತುಹೋದ ಐಡಿಪಿಎಲ್ ಔಷಧ ಕಾರ್ಖಾನೆ. ಆದರೆ ಉಪಗ್ರಹಗಳು ತೆಗೆದ ದೇಶದ ಚಿತ್ರಗಳ ಮೇಲೆ ಕೆಲಸ ನಡೆಯುವುದೂ ಇದೇ ಬಾಲಾನಗರದಲ್ಲಿ. ಅವರ 'ಭುವನ್' ತಾಣ 2009ರಲ್ಲಿ ಶುರುವಾಯಿತು, ನನ್ನ ಮಗಳಿಗೂ ಹೆಚ್ಚುಕಮ್ಮಿ ಅಷ್ಟೇ ವಯಸ್ಸು. ಅದರಲ್ಲಿ ಭಾಲ್ಕಿ ತಾಲ್ಲೂಕು ತೆಗೆದು ಕಾರಂಜಾ ಜಲಾಶಯವನ್ನು ತೋರಿಸಿ, ಅಲ್ಲಿಂದ ನದಿಯ ಜಾಡು ಹಿಡಿದು ಮಾಂಜ್ರಾ ಸೇರುವ ಕಡೆಗೆ ಬೆರಳೆಳೆದು, "ಅಜ್ಜಿ ಊರಿನ ನೀರು ತೆಲಂಗಾಣಕ್ಕೇ ಬರುತ್ತಮ್ಮ, ನಿನ್ನ ಹಾಗೇ" ಅಂದಿದ್ದಳು ಒಮ್ಮೆ. ಆಗ ನಕ್ಕು ಸುಮ್ಮನಾಗಿದ್ದೆ. ಅದೇ ಅವಳ ಪಾಠ, ಅದೇ ಅವಳ ದಾರಿ ಅಂತ ನನಗೆ ಅನ್ನಿಸಲಿಲ್ಲ. ಟೈಮ್‌ಟೇಬಲಿನಲ್ಲಿ ಇಲ್ಲದ್ದು ಪಾಠ ಅಂತ ನನಗೆ ಯಾವತ್ತೂ ಅನ್ನಿಸುವುದಿಲ್ಲ, ರೋಗ ಅದು.

"ಕೆಮಿಸ್ಟ್ರಿ?" ಅಂತ ಕೇಳಿಯೇಬಿಟ್ಟೆ. ಮಾತು ಕೊಟ್ಟಿದ್ದೆ, ತಡೆಯಲಾಗಲಿಲ್ಲ.

ಅದಕ್ಕೂ ಉತ್ತರ ಸಿದ್ಧವಿತ್ತು. ಹನ್ನೆರಡು ಪಾಸಾದ ಮೇಲೂ ಎನ್‌ಐಒಎಸ್‌ನಲ್ಲಿ ಬೇಕಾದ ಒಂದೆರಡು ವಿಷಯಕ್ಕೆ ಮಾತ್ರ ಸೇರಿ ಬರೆಯಬಹುದು, ಪಾರ್ಟ್ ಅಡ್ಮಿಶನ್ ಅಂತ ಇದೆ. "ಬೇಕು ಅನ್ನಿಸಿದ್ರೆ ಆಗ ಬರೀತೀನಿ. ಈಗ ಬರೆದ್ರೆ ನಿನಗೋಸ್ಕರ ಬರೆದ ಹಾಗಾಗುತ್ತೆ. ಆರು ವಿಷಯ ಓದಿ ಆರೂ ಅರ್ಧಂಬರ್ಧ ಆದ್ರೆ?" ಅಂದಳು. ನಾನು ಮುಚ್ಚಿಹೋಗುತ್ತದೆ ಅಂತ ಹೆದರಿದ್ದ ಬಾಗಿಲು ಪೂರ್ತಿ ಮುಚ್ಚುವುದೇ ಇಲ್ಲ! ಒಂದು ವರ್ಷ ತಡವಾಗಬಹುದು, ಅಷ್ಟೇ. ಆ ಒಂದು ವರ್ಷ ಅನ್ನುವುದು ನನ್ನಂಥ ಮಾಸ್ತರಿಣಿಗೆ ಯಾಕೆ ಅಷ್ಟು ದೊಡ್ಡದಾಗಿ ಕಾಣುತ್ತದೋ.. ಓರಗೆಯವರ ಬಸ್ಸು ಮುಂದೆ ಹೋಗಿಬಿಡುತ್ತದೆ ಅನ್ನುವ ಭಯ ಇರಬೇಕು.

ಇಷ್ಟೆಲ್ಲ ಓದಿ ಮನೆಶಾಲೆ ಅಂದರೆ ಬರೀ ಸುಖ ಅಂತ ಯಾರೂ ತಿಳಿಯಬಾರದು. ಅವಳ ಪ್ಲಾನಿನ ಎರಡನೇ ಪುಟದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲಿತ್ತು. "ಗೆಳತಿಯರು". ಮುಂದೆ ಏನೂ ಬರೆದಿರಲಿಲ್ಲ. ಕಳೆದ ಹುಟ್ಟುಹಬ್ಬಕ್ಕೆ ಯಾರನ್ನು ಕರೆಯಲಿ ಅಂತ ಕೇಳಿದಾಗ ಅವಳಿಗೆ ಮೂರು ಹೆಸರು ಸಿಕ್ಕಿದ್ದವು, ಅದರಲ್ಲಿ ಒಬ್ಬಳು ಅವಳ ಚಿಕ್ಕಪ್ಪನ ಮಗಳು. ನಾನು ಎಷ್ಟೇ ಚೆನ್ನಾಗಿ ಗಣಿತ ಹೇಳಿಕೊಟ್ಟರೂ ಕೊನೆಯ ಬೆಂಚಿನಲ್ಲಿ ಅವಳ ಪಕ್ಕ ಕೂತು ಕಿಸಿಕಿಸಿ ನಗಲು ನನ್ನಿಂದಾಗುವುದಿಲ್ಲ. ಇದು ನಾವು ತೆತ್ತ ಬೆಲೆ. ನಾವು ಅಂದೆ, ತೆತ್ತವಳು ಅವಳು.

ಆ ಸಾಲಿಗೆ ನನ್ನ ಹತ್ತಿರ ಪರಿಹಾರವಿಲ್ಲ. ಪ್ರಯತ್ನ ಮಾತ್ರ ಇದೆ. ಶನಿವಾರಗಳಂದು ಅವಳು ಫತೇನಗರದಲ್ಲಿ ಎಂಎಂಟಿಎಸ್ ರೈಲು ಹತ್ತಿ ಕಾಚಿಗುಡಕ್ಕೆ ಹೋಗತೊಡಗಿದ್ದಾಳೆ. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರ ಇದೆ, ನೃಪತುಂಗ ಶಾಲೆ ಇದೆ, ಹೈದರಾಬಾದ್ ಕನ್ನಡಿಗರಿಗೆ ಅದು ತವರಿನಂಥ ಜಾಗ. ಮೊದಲ ವಾರ ನಾನೂ ಬರುತ್ತೇನೆ ಅಂದೆ. ಬೇಡ ಅಂದಳು. ಹೋದವಳು ಬರುವವರೆಗೆ ಹನ್ನೊಂದು ಸಲ ಫೋನ್ ತೆಗೆದು ನೋಡಿದೆ, ಮಾಡಲಿಲ್ಲ. ಬಂದವಳು ಒಬ್ಬಳು ರಾಯಚೂರಿನ ಹುಡುಗಿ ಸಿಕ್ಕಿದ್ದಳು ಅಂದಳು. ಅಷ್ಟೇ ಹೇಳಿದಳು. ನಾನೂ ಅಷ್ಟಕ್ಕೇ ಬಿಟ್ಟೆ. ಅಲವೆನ್ಸ್!

ಈಗ ಗೋಡೆಯ ಮೇಲೆ ನನ್ನ ಬಣ್ಣದ ಹಾಳೆ ಇಲ್ಲ, ಅವಳ ಎರಡು ಪುಟ ಇವೆ. ಅದರಲ್ಲಿ ನನ್ನ ಹೆಸರು ಎರಡೇ ಕಡೆ ಇದೆ. ಮಂಗಳವಾರ, ಗುರುವಾರ ಬೆಳಿಗ್ಗೆ ಗಣಿತ, "ಅಮ್ಮನ ಜೊತೆ, ಕೇಳಿದ್ರೆ ಮಾತ್ರ ಹೇಳಬೇಕು". ಇನ್ನೊಂದು, ಭಾನುವಾರ ರೊಟ್ಟಿ. ಹಸಿರು ಚೌಕಗಳಲ್ಲಿ ಅದೊಂದನ್ನು ಅವಳು ಉಳಿಸಿಕೊಂಡಿದ್ದಾಳೆ. ಉಳಿದ ಹೊತ್ತಿನಲ್ಲಿ ನನಗೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಮನೆಶಾಲೆಯ ಕೊನೆಯ ವರ್ಷ ಅಂದರೆ ಮಗುವಿಗೆ ತಯಾರಿ ಅಂದುಕೊಂಡಿದ್ದೆ. ತಯಾರಾಗಬೇಕಾದವರಲ್ಲಿ ನಾನೂ ಇದ್ದೇನೆ ಅಂತ ಈಗ ಗೊತ್ತಾಗುತ್ತಿದೆ.

ಇವತ್ತು ಬೆಳಿಗ್ಗೆ ಹಾಲಿಗೆ ಅವಳೇ ಹೋಗಿದ್ದಳು. ಬರುವುದು ತಡವಾಯಿತು. "ಯಾರಾದ್ರೂ ಕೇಳಿದ್ರೇನೇ, ಯಾವ ಕಾಲೇಜು ಅಂತ?" ಅಂದೆ.

"ಹ್ಞೂಂ, ಮೂಲೆ ಮನೆ ಆಂಟಿ ಕೇಳಿದ್ರು."

"ಏನು ಹೇಳಿದೆ?"

"ಅದು ನನಗೂ ಆಂಟಿಗೂ ಬಿಟ್ಟದ್ದು" ಅಂದು ಹಾಲಿನ ಪ್ಯಾಕೆಟ್ ಕಟ್ಟೆಯ ಮೇಲಿಟ್ಟು ಹೋದಳು.

ಎರಡು ವಾರದ ಹಿಂದೆ ಯಾರಿಗೂ ಹೇಳದೇ ಕೋಠಿಯಿಂದ ತಂದ ರಸಾಯನಶಾಸ್ತ್ರದ ಪುಸ್ತಕ ಮಾತ್ರ ಇನ್ನೂ ನನ್ನ ಕಪಾಟಿನಲ್ಲಿ, ಸೀರೆಗಳ ಕೆಳಗಿದೆ. ಹೊಸದೇ. ಯಾರಿಗಾದರೂ ಬೇಕಿದ್ದರೆ ಕೊಡೋಣ ಅನ್ನಿಸುತ್ತದೆ. ಇನ್ನೊಂದೆರಡು ತಿಂಗಳು ಹೋಗಲಿ, ಆಮೇಲೆ ಕೊಡುತ್ತೇನೆ..